ಜೀಪಿನ ತುಕ್ಕು ತೆಗೆಯುವುದು ಹೇಗೆ?



ನಮ್ಮ ಅಪ್ಪನ ಹಳೇ ಜೀಪನ್ನು ನೀವೆಲ್ಲಾ ಹತ್ತಿದ್ದೀರಿ. ಹೋದ ಮಳೆಗಾಲದಲ್ಲಿ ಹಿಂದಿನ ಸೀಟಿನ ಮುಂದೆ ತಗಡು ಕುಸಿದು ನನ್ನ ತಂಗಿಯ ಕಾಲು ಮೊಣಕಾಲಿನವರೆಗೂ ಕೆಳಗಿಳಿಯಿತು. ಜೀಪು ನಿಂತಿತ್ತು, ಅದಕ್ಕೇ ಬರೀ ತರಚು ಗಾಯ. ಆ ಜಾಗ ಹಿಂದಿನ ವರ್ಷವೇ ರಿಪೇರಿ ಆಗಿತ್ತು! ಪೇಟೆಯ ಒಂದು ಗ್ಯಾರೇಜಿನವರು ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ನೋಡೋಕೆ ಹೊಸದರ ಹಾಗೇ ಇತ್ತು.

ಕಬ್ಬಿಣಕ್ಕೆ ನೀರು, ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಹಿಡಿಯುತ್ತದೆ. ವಿಜ್ಞಾನದ ಮೇಡಂ ಪ್ರನಾಳಗಳಲ್ಲಿ ಮೊಳೆ ಹಾಕಿ ತೋರಿಸಿದ್ದರಲ್ಲ? ಕುದಿಸಿದ ನೀರಿನ ಮೇಲೆ ಎಣ್ಣೆ ಹಾಕಿದ್ದ ಮೊಳೆ ಹಾಗೇ ಉಳಿದಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಆದ್ದರಿಂದ ಉಬ್ಬಿ, ಮೇಲಿನ ಬಣ್ಣವನ್ನು ಎತ್ತಿ ಹಾಕುತ್ತೆ. ಪದರ ಪದರವಾಗಿರುವ ಕಾರಣ ತೇವವನ್ನೂ ಹಿಡಿದಿಡುತ್ತೆ. ಪುಟ್ಟಿಯೂ ನೀರು ಹೀರುತ್ತೆ. ಹಾಗಾಗಿ ಒಳಗೊಳಗೇ ತಗಡು ಮುಗಿದುಹೋಗಿತ್ತು.

ಈ ಸಲ ಬೇರೆ ಮೇಸ್ತ್ರಿ. ನಾನು ಮೂರು ದಿನ ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಬ್ಯಾಟರಿ ವೈರು ಬಿಚ್ಚಿ, ಮ್ಯಾಟ್ ತೆಗೆದು, ನೆಲಕ್ಕೆಲ್ಲಾ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಒಳ್ಳೆ ತಗಡು ಠಣ್ ಅನ್ನುತ್ತೆ, ತುಕ್ಕು ತಿಂದದ್ದು ಡಬ್ ಅನ್ನುತ್ತೆ. ಡಬ್ ಅಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೇ ಹೋಯಿತು! ಅಂಗೈಯಗಲದ ತೂತು ಕೊಯ್ಯುತ್ತಾ ಕೊಯ್ಯುತ್ತಾ ಮೊರದಷ್ಟಾಯಿತು. ಅಪ್ಪನ ಮುಖ ಸಣ್ಣಗಾಯಿತು. "ಹೊಳೆಯೋ ತಗಡು ಸಿಗೋವರೆಗೂ ಕೊಯ್ಯಲೇಬೇಕು ಸ್ವಾಮಿ, ತುಕ್ಕಿಗೆ ವೆಲ್ಡಿಂಗ್ ಹಿಡಿಯಲ್ಲ" ಅಂದರು ಮೇಸ್ತ್ರಿ.

ಆಮೇಲೆ ರಟ್ಟಿನಲ್ಲಿ ಅಳತೆ ತೆಗೆದು ಅಷ್ಟೇ ದಪ್ಪದ ಹೊಸ ತಗಡು ಕತ್ತರಿಸಿದರು. ವೆಲ್ಡಿಂಗನ್ನು ಒಂದೇ ಗೆರೆಯಾಗಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಎದುರಿಗೆ ಒಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು. ತೆಳು ತಗಡಿಗೆ ಒಂದೇ ಕಡೆ ಕಾವು ಕೊಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತಂತೆ. (ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬೇಡಿ. ನನ್ನನ್ನು ಗದರಿಸಿ ಆಚೆ ಕಳಿಸಿದರು.)

ತೂತಾಗದೆ ಮೇಲೆ ಮಾತ್ರ ತುಕ್ಕು ಹಿಡಿದ ಕಡೆ ವೈರ್ ಬ್ರಷ್, ಎಮರಿ ಕಾಗದ ಸಾಕು. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದರು. ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ ಕಪ್ಪು ಬಣ್ಣಕ್ಕೆ ತಿರುಗಿತು. ಅದನ್ನು ತೊಳೆದು ಪೂರ್ತಿ ಒಣಗಿಸಿ, ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದರು. ಬರಿಯ ತಗಡನ್ನು ರಾತ್ರಿ ಬಿಟ್ಟರೆ ನಮ್ಮೂರ ಥಂಡಿಗೆ ಬೆಳಿಗ್ಗೆಯೇ ಕಂದು ಬಣ್ಣ ಬಂದಿರುತ್ತೆ. ಜೀಪಿನ ಅಡಿಗೂ ಪ್ರೈಮರ್ ಬೇಕು, ಇದನ್ನೇ ಹೆಚ್ಚಿನವರು ಮರೆಯುವುದು. ಸಂದುಗಳಿಗೆ ಸೀಲರ್ ತುಂಬಿ, ಬಣ್ಣ ಕೊನೆಗೆ.

ಒಂದು ಹೇಳೋದು ಮರೆತೆ. ನೆಲದ ಮೂಲೆಗಳಲ್ಲಿ ನೀರು ಇಳಿಯಲು ಎರಡು ತೂತುಗಳಿವೆ, ಅವು ಬೇಕೆಂದೇ ಬಿಟ್ಟ ತೂತುಗಳು. ನಮ್ಮ ಜೀಪಿನಲ್ಲಿ ಎರಡೂ ಕೆಸರು ತುಂಬಿ ಮುಚ್ಚಿದ್ದವು. ಮ್ಯಾಟಿನ ಕೆಳಗೆ ನೀರು ನಿಂತದ್ದು ಅದಕ್ಕೇ. ಈಗ ಪ್ರತಿ ಭಾನುವಾರ ಮ್ಯಾಟ್ ಒಣಗಿಸಿ, ಆ ತೂತುಗಳಿಗೆ ಕಡ್ಡಿ ಹಾಕಿ ಬಿಡಿಸುವುದು ನನ್ನ ಕೆಲಸ. ತಂಗಿ ಮಾತ್ರ ಇನ್ನೂ ಆ ಜಾಗದಲ್ಲಿ ಕಾಲಿಡಲ್ಲ.

– 9ನೇ ತರಗತಿ