ಟ್ರಿಮ್ಮರ್ ಕಂಡರೆ ಮಂಚದಡಿ ಸೇರುವ ಗುಂಡ

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಶಿಟ್ಜು ನಾಯಿ ಇದೆ, ಹೆಸರು ಗುಂಡ. ನಮ್ಮೂರಲ್ಲಿ ನಾಯಿಗೆ ಕೂದಲು ಕತ್ತರಿಸುವವರು ಯಾರೂ ಇಲ್ಲ. ಹುಬ್ಬಳ್ಳಿಗೆ ಕರೆದೊಯ್ದರೆ ದಾರಿಯುದ್ದಕ್ಕೂ ವಾಂತಿ. ಅದಕ್ಕೇ ಟ್ರಿಮ್ಮರ್ ತರಿಸಿ ಮನೆಯಲ್ಲೇ ಕತ್ತರಿಸಲು ಕೂತೆ. ಕಿವಿಯ ಹಿಂದಿನ ಗಂಟು ತೆಗೆಯಲು ಕತ್ತರಿ ಹಾಕಿದಾಗ ಚರ್ಮ ಕೊಯ್ದುಹೋಯಿತು. ಗಾಯ ಮಾಗಿದೆ, ಆದರೆ ಈಗ ಟ್ರಿಮ್ಮರ್ ಡಬ್ಬಿ ಕಂಡರೇ ಮಂಚದಡಿ ಸೇರುತ್ತಾನೆ. ಮೊನ್ನೆ ನನಗೇ ಹಲ್ಲು ತೋರಿಸಿದ. ‘ಇಬ್ಬರು ಗಟ್ಟಿಯಾಗಿ ಹಿಡಿದರೆ ಹತ್ತು ನಿಮಿಷದ ಕೆಲಸ’ ಅಂತಾರೆ ನಮ್ಮ ಯಜಮಾನರು. ಕೂದಲು ಕಣ್ಣಿಗೆ ಬೀಳುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ಸಹೋದರಿ, ಮೊದಲು ಯಜಮಾನರಿಗೆ ಹೇಳಬೇಕಾದ ಮಾತು. ಈ ತಳಿಯ ನಾಯಿಯನ್ನು ಗಟ್ಟಿಯಾಗಿ ಹಿಡಿಯಲೇಬಾರದು. ಶಿಟ್ಜುವಿನ ಕಣ್ಣುಗುಳಿ ಆಳವಿಲ್ಲ, ಕಣ್ಣು ಹೊರಚಾಚಿರುತ್ತದೆ. ಕುತ್ತಿಗೆಯ ಚರ್ಮ ಹಿಡಿದೆಳೆದರೆ ಕಣ್ಣುಗುಡ್ಡೆಯೇ ಹೊರಬರುವ ಅಪಾಯವಿದೆ. ಮೂಗು ಗಿಡ್ಡವಾದ್ದರಿಂದ ಗಾಬರಿಯಲ್ಲಿ ಉಸಿರಾಟವೂ ಕಷ್ಟ. ಇನ್ನು ಗುಂಡ ಹಲ್ಲು ತೋರಿಸಿದ್ದು ಕೋಪಕ್ಕಲ್ಲ, ‘ನನಗೆ ಭಯವಾಗುತ್ತಿದೆ, ಸಾಕು’ ಎಂದು ಅವನು ಹೇಳುವ ರೀತಿ ಅದು. ಅದಕ್ಕೆ ಗದರಬೇಡಿ. ಗದರಿಸಿಕೊಂಡ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚಬಹುದು.

ಆ ಗಾಯಕ್ಕಾಗಿ ನೀವು ಕೊರಗುವುದೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಕೂದಲು ಗಂಟುಕಟ್ಟಿದಾಗ ಆ ಚರ್ಮವೂ ಮೇಲೆದ್ದು ಗಂಟಿನೊಳಗೆ ಸೇರಿಕೊಂಡಿರುತ್ತದೆ. ಎಲ್ಲಿ ಕೂದಲು, ಎಲ್ಲಿ ಚರ್ಮ ಎಂದು ಕಣ್ಣಿಗೆ ಕಾಣುವುದಿಲ್ಲ. ಗಂಟಿಗೆ ಕತ್ತರಿ ಹಾಕಿದರೆ ಎಂಥವರ ಕೈಯಲ್ಲೂ ಹೀಗಾಗಬಹುದು. ಇನ್ನು ಮುಂದೆ ಗಂಟನ್ನು ಬೆರಳಿನಿಂದ ಸಡಿಲಿಸಿ. ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಶುರುಮಾಡಿ ಲೋಹದ ಬಾಚಣಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬಿಡದಿದ್ದರೆ ಟ್ರಿಮ್ಮರಿನ 10ನೇ ನಂಬರಿನ ಬ್ಲೇಡನ್ನು ಚರ್ಮಕ್ಕೆ ಸಮತಲವಾಗಿ ಹಿಡಿದು ಗಂಟಿನ ಅಡಿಯಿಂದ ನಿಧಾನವಾಗಿ ಸಾಗಿಸಿ. ಗಂಟಿರುವಾಗ ಸ್ನಾನ ಮಾತ್ರ ಬೇಡ. ಒದ್ದೆಯಾಗಿ ಒಣಗಿದ ಗಂಟು ಇನ್ನಷ್ಟು ಬಿಗಿಯುತ್ತದೆ.

ನಿಮ್ಮ ಪಕ್ಕದ ಬಾಗಲಕೋಟೆಯ ಮುಧೋಳ ನಾಯಿಗೆ ಈ ಯಾವ ತಾಪತ್ರಯವೂ ಇಲ್ಲ, ಅದರ ಕೂದಲು ಮೈಗಂಟಿಕೊಂಡಷ್ಟೇ ಇರುತ್ತದೆ. ಶಿಟ್ಜುವಿನದು ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲೂ ನೆಲಕ್ಕೆ ಬೀಳದೆ ಉಳಿದ ಕೂದಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ನಿಜವಾದ ಕೆಲಸ ದಿನಾ ಬಾಚುವುದು. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಬೆಲ್ಟಿನ ಅಡಿ: ಗಂಟು ಹುಟ್ಟುವುದು ಇಲ್ಲೇ. ಗಿಡ್ಡ ಕೂದಲು ಇದ್ದರೆ ಇಲ್ಲಿ ಬಾಚುವುದು ಸುಲಭ. ಮಳೆಗಾಲದಲ್ಲಿ ಬೆರಳಸಂದಿ, ಕಿವಿಯೊಳಗೆ ಕಚ್ಚಿಕೊಂಡ ಉಣ್ಣೆಯೂ ಬೇಗ ಕಾಣುತ್ತದೆ.

ಈಗ ಭಯದ ವಿಷಯ. ಕೆಲವು ದಿನ ಕತ್ತರಿಸುವ ಯೋಚನೆಯನ್ನೇ ಬಿಡಿ. ಆಫ್ ಮಾಡಿದ ಟ್ರಿಮ್ಮರನ್ನು ಅವನ ಊಟದ ತಟ್ಟೆಯಿಂದ ಸ್ವಲ್ಪ ದೂರದಲ್ಲಿಡಿ. ಅವನು ಅದನ್ನು ಲೆಕ್ಕಿಸದೆ ಉಣ್ಣುವಂತಾದ ಮೇಲೆ ಪಕ್ಕದ ಕೋಣೆಯಲ್ಲಿ ಆನ್ ಮಾಡಿಸಿ, ಸದ್ದು ಕೇಳುವಾಗಲೇ ಬೇಯಿಸಿದ ಕೋಳಿ ಅಥವಾ ಪನೀರಿನ ಚೂರು ಕೊಡಿ. ಒಣದ್ರಾಕ್ಷಿ ಬೇಡ, ನಾಯಿಗೆ ಅದು ವಿಷ. ಸದ್ದು ಕೇಳಿದೊಡನೆ ತಿಂಡಿಗಾಗಿ ನಿಮ್ಮ ಮುಖ ನೋಡಲು ಶುರುಮಾಡಿದನೆಂದರೆ ಅರ್ಧ ಗೆದ್ದಿರಿ. ಆಮೇಲೆ ಟ್ರಿಮ್ಮರಿನ ಹಿಂಬದಿಯನ್ನು ಹೆಗಲಿಗೆ ತಾಗಿಸಿ, ಮತ್ತೊಂದು ದಿನ ಬೆನ್ನಿನ ಮೇಲೆ ಒಂದೇ ಒಂದು ಗೆರೆ ಎಳೆದು ನಿಲ್ಲಿಸಿ. ಅವನು ತುಟಿ ನೆಕ್ಕಿದರೆ, ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡಿದರೆ ಆ ದಿನಕ್ಕೆ ಮುಗಿಯಿತು. ಇವತ್ತು ಬೆನ್ನು, ನಾಳಿದ್ದು ಒಂದು ಕಾಲು ಎಂದು ವಾರವೇ ಹಿಡಿಯಲಿ. ಅರ್ಧ ಕತ್ತರಿಸಿದ ಗುಂಡ ನಗೆಪಾಟಲಾಗಿ ಕಂಡರೂ ಅವನಿಗೆ ನಾಚಿಕೆಯಿಲ್ಲ. ಸುಮ್ಮನಿರಲಿ ಎಂದು ಮನೆಯಲ್ಲಿರುವ ನಿದ್ದೆಮಾತ್ರೆ, ನೆಗಡಿ ಸಿರಪ್ ಕೊಡಲೇಬೇಡಿ.

ಕತ್ತರಿಸುವ ಹೊತ್ತಿಗೆ ಕ್ರಮ ಹೀಗಿರಲಿ: ಸಿಕ್ಕು ಬಿಡಿಸಿ, ನಾಯಿಯ ಶಾಂಪೂವಿನಲ್ಲೇ ಸ್ನಾನ ಮಾಡಿಸಿ, ಬುಡದವರೆಗೆ ಒಣಗಿಸಿ, ಮತ್ತೆ ಬಾಚಿ, ಆಮೇಲೆ ಟ್ರಿಮ್ಮರ್. ಜಾರದಂತೆ ರಬ್ಬರ್ ಚಾಪೆ ಹಾಸಿ. 10ರಿಂದ 12 ಮಿಲಿಮೀಟರ್ ಕೂದಲು ಉಳಿಸುವ ಗಾರ್ಡ್ ಹಾಕಿ, ಕೂದಲು ಮಲಗಿದ ದಿಕ್ಕಿಗೇ ಸಾಗಿಸಿ. ಸೆಕೆಯೆಂದು ಬೋಳಿಸುವುದು ತಪ್ಪು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಕೂದಲು ಅದನ್ನು ನಿಮ್ಮ ಕಡೆಯ ಬಿಸಿಲಿನಿಂದ ಕಾಯುತ್ತದೆ. ಬ್ಲೇಡನ್ನು ಆಗಾಗ ನಿಮ್ಮ ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಓಡುತ್ತಾ ಅದು ಕಾಯುತ್ತದೆ, ಕಾದ ಬ್ಲೇಡು ಹೊಟ್ಟೆಯ ಚರ್ಮವನ್ನು ಸುಡುತ್ತದೆ. ಕಂಕುಳು ಮತ್ತು ತೊಡೆಸಂದಿನ ಸಡಿಲ ಚರ್ಮವನ್ನು ಬೆರಳಿನಿಂದ ಹಿಗ್ಗಿಸಿ ಹಿಡಿದೇ ಮುಂದುವರಿಯಿರಿ.

ಮುಖ ಕೊನೆಗೆ, ಅವನು ಟ್ರಿಮ್ಮರಿಗೆ ಒಗ್ಗಿದ ಮೇಲೆ. ಅಲ್ಲಿ ದುಂಡುತುದಿಯ ಕತ್ತರಿಯಷ್ಟೇ ಬಳಸಿ, ತುದಿ ಯಾವಾಗಲೂ ಕಣ್ಣಿನಿಂದ ಆಚೆಗೆ ಇರಲಿ. ಅಲ್ಲಿಯವರೆಗೆ ಹಣೆಯ ಕೂದಲನ್ನು ಮೆತ್ತನೆಯ ರಬ್ಬರಿನಲ್ಲಿ ಸಡಿಲವಾಗಿ ಮೇಲೆತ್ತಿ ಕಟ್ಟಿ. ಇದನ್ನು ಇವತ್ತೇ ಮಾಡಿ, ಕಣ್ಣಿಗೆ ಕೂದಲು ಉಜ್ಜಿದರೆ ಹುಣ್ಣಾಗಬಹುದು. ಈಗಾಗಲೇ ಒಂದು ಕಣ್ಣು ಕಿರಿದು ಮಾಡುತ್ತಿದ್ದರೆ, ನೀರು ಸುರಿಯುತ್ತಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಒಂದು ವೇಳೆ ಹೊಟ್ಟೆಯಡಿ, ಕಾಲುಗಳಲ್ಲಿ ಕೂದಲೆಲ್ಲ ಒಂದೇ ಹಾಳೆಯಂತೆ ಅಂಟಿಕೊಂಡಿದ್ದರೆ ಮನೆಯ ಪ್ರಯತ್ನ ಬೇಡ. ಬಿಡಿಸುವ ನೋವೇ ಅವನನ್ನು ಮತ್ತೆ ಮಂಚದಡಿ ಕಳಿಸುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವೈದ್ಯರನ್ನು ಕೇಳಿ, ಅವರು ತೂಕ ನೋಡಿ ಮಂಪರಿನ ಔಷಧಿ ಕೊಟ್ಟು ಒಮ್ಮೆ ತೆಗೆಸಬಹುದು. ಹೊಸ ಕೂದಲು ಬರುವಾಗಿನಿಂದ ದಿನಾ ಐದು ನಿಮಿಷ ಬಾಚುವುದನ್ನು ಯಜಮಾನರಿಗೇ ವಹಿಸಿ, ಅವರ ಕೈಯಿಂದಲೂ ಗುಂಡನಿಗೆ ಪನೀರ್ ಸಿಗಲಿ.