ಕೀಟನಾಶಕಕ್ಕೂ ಸಕ್ಕರೆ ಕಾಯಿಲೆಗೂ ನಂಟೇ?

ಸಕ್ಕರೆ ಕಾಯಿಲೆಗೆ ಬೊಜ್ಜು, ವಂಶ, ವ್ಯಾಯಾಮದ ಕೊರತೆ ಮುಖ್ಯ ಕಾರಣಗಳು. ನಮ್ಮ ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲಗಳಲ್ಲಿ ಹೊಡೆಯುವಂಥ ಕೀಟನಾಶಕಗಳ ಮೇಲೂ ಈಗ ಸಂಶಯವಿದೆ. 2017ರಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಸಂಶೋಧಕರು ಹಳ್ಳಿಗರಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕಕ್ಕೂ ಮಧುಮೇಹಕ್ಕೂ ನಂಟು ಗುರುತಿಸಿದರು.

ಇದಕ್ಕೆ ಹಲವು ದಾರಿಗಳಿರಬಹುದು. ಅವುಗಳಲ್ಲೊಂದು ಇದು: ನಮ್ಮ ಜೀನುಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳಿವೆ, ಸ್ವಿಚ್ಚಿನಂತೆ ಅವು ಜೀನನ್ನು ಆರಿಸಬಲ್ಲವು. ವಿಷವಸ್ತುಗಳು ಇವನ್ನು ಏರುಪೇರು ಮಾಡಿದರೆ, ಜೀನ್ ಬದಲಾಗದೆಯೇ ಇನ್ಸುಲಿನ್ ಕೆಲಸ ಕೆಡಬಹುದು. ಗರ್ಭದ ಶಿಶುವಿಗೂ ಇದು ತಟ್ಟಬಹುದು. ಇದಿನ್ನೂ ಪೂರ್ತಿ ಸಿದ್ಧಪಟ್ಟಿಲ್ಲ. ಆದರೂ ಎಚ್ಚರಿಕೆ ಒಳ್ಳೆಯದು.

ಔಷಧಿ ಹೊಡೆಯುವಾಗ ಕೈಗವಸು, ಮುಖಗವಸು ಧರಿಸಿ. ಮುಗಿದೊಡನೆ ಸ್ನಾನ ಮಾಡಿ, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಖಾಲಿ ಡಬ್ಬಿಗಳಲ್ಲಿ ನೀರು ತುಂಬಿಡಬೇಡಿ. ಗರ್ಭಿಣಿಯರು ದೂರವಿರಲಿ. ಮೂವತ್ತು ದಾಟಿದವರು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ.