ಅಲಾರಾಂ ಕೂಗಿದಾಗ

ಪ್ರೀತಿಯ ಮೇಘಾ,

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಉಸ್ತುವಾರಿ ನಿನ್ನದೇ ಎಂದು ಕೇಳಿ ನಿನ್ನ ದೊಡ್ಡಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆದರೆ ನಿನ್ನ ಕಾಗದದ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಗ್ಯಾಸ್ ಅಲಾರಾಂ ಆಗಾಗ ಸುಮ್ಮನೆ ಕೂಗುತ್ತದಂತೆ, ಅಟೆಂಡರ್ ಬಂದು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಾರಂತೆ!

ಗಾಜಿನ ಸಾಮಾನು ತೊಳೆದ ಅಸಿಟೋನಿನ ಆವಿಗೂ ಆ ಸೆನ್ಸರು ಕೂಗಬಹುದು, ನಿಜ. ಅಸಿಟೋನೇನು ನೀರೇ? ಅದೂ ಹೊತ್ತಿಕೊಳ್ಳುವಂಥದ್ದೇ. ಅಸಿಟೋನೋ, ಬಿರುಕು ಬಿಟ್ಟ ಬರ್ನರ್ ಟ್ಯೂಬೋ ಎಂಬ ಪಂಚಾಯಿತಿಯನ್ನು ಒಳಗೆ ನಿಂತು ಮಾಡಬೇಡ. ಮೊದಲು ಮಕ್ಕಳು ಹೊರಗೆ ಹೋಗಲಿ.

ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಸೇರಿದರೆ ಹೊತ್ತಿಕೊಳ್ಳಬಲ್ಲದು. ಸಾಮಾನ್ಯವಾಗಿ ಅದರ ಹತ್ತನೇ ಒಂದು, ಇಲ್ಲವೇ ಐದನೇ ಒಂದು ಭಾಗಕ್ಕೇ ಅಲಾರಾಂ ಕೂಗುವಂತೆ ಇಟ್ಟಿರುತ್ತಾರೆ. ಮಕ್ಕಳು ನೂಕುನುಗ್ಗಲಿಲ್ಲದೆ ನಡೆದು ಹೋಗಲೆಂದೇ ಈ ಬಿಡುವು. ಆದರೆ ಅದು ಸೆನ್ಸರ್ ಇರುವ ಜಾಗದ ಲೆಕ್ಕ ಮಾತ್ರ. ಎಲ್‌ಪಿಜಿ ಗಾಳಿಗಿಂತ ಭಾರ. ಬೆಂಚಿನ ಕೆಳಗೆ, ನೀರು ಹೋಗುವ ತೂತಿನ ಹತ್ತಿರ ಅದಕ್ಕಿಂತ ಹೆಚ್ಚೇ ಕೂಡಿಕೊಂಡಿರಬಹುದು. ನಿಮ್ಮ ಸೆನ್ಸರನ್ನು ಚಾವಣಿಗೆ ಬಡಿದಿದ್ದರೆ ಕೆಳಗಿಳಿಸಲು ಇಂದೇ ಬರೆದುಕೊಡು.

ಸ್ವಿಚ್ಚು ಮುಟ್ಟಬೇಡ. ಹಾಕುವುದಷ್ಟೇ ಅಲ್ಲ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರಬಹುದು. ವಾಸನೆ ಬಂದ ಕೂಡಲೇ ಎಕ್ಸಾಸ್ಟ್ ಫ್ಯಾನಿನತ್ತ ಕೈ ಹೋಗುತ್ತದಲ್ಲ, ಆ ಕೈಯನ್ನು ಹಿಡಿದುಕೋ. ಮುಖ್ಯ ವಾಲ್ವ್ ಬಾಗಿಲ ದಾರಿಯಲ್ಲೇ ಇದ್ದರೆ ತಿರುಗಿಸು, ಉರಿಯುವ ಬರ್ನರುಗಳೂ ಆರಿಹೋಗುತ್ತವೆ. ಮೂಲೆಯಲ್ಲಿದ್ದರೆ ಅದಕ್ಕಾಗಿ ಹಿಂದಿರುಗಬೇಡ. ಹೊರಗೆ ತಲೆ ಎಣಿಸಿ, ದೂರ ನಿಂತು ಫೋನ್ ಮಾಡು: ಎಲ್‌ಪಿಜಿ ಸೋರಿಕೆಗೆ 1906, ಅಗ್ನಿಶಾಮಕಕ್ಕೆ 101 ಅಥವಾ 112. ಬಿಟ್ಟುಬಂದ ಬ್ಯಾಗು, ಮೊಬೈಲಿಗಾಗಿ ಯಾರನ್ನೂ ಒಳಗೆ ಬಿಡಬೇಡ. ಹುಡುಗರು ಗೋಗರೆಯುತ್ತಾರೆ, ಕರಗಬೇಡ.

ಪ್ರಾಕ್ಟಿಕಲ್ ಹಾಳಾಯಿತೆಂದು ಪ್ರಿನ್ಸಿಪಾಲರು ಗೊಣಗಬಹುದು. ಗೊಣಗಲಿ. ಸಾಲ್ಟ್ ಅನಾಲಿಸಿಸ್ ನಾಳೆಯೂ ಮಾಡಬಹುದು.

ಇನ್ನೊಂದು ವಿಷಯ. ಕೂಗುವ ಸೆನ್ಸರಿಗಿಂತ ಕೂಗದ ಸೆನ್ಸರೆಂದರೆ ನನಗೆ ಹೆಚ್ಚು ಭಯ. ಸಿಲಿಕೋನ್ ಆವಿ ತಾಗಿದರೆ ಕೆಲವು ಬಗೆಯ ಸೆನ್ಸರುಗಳು ಗ್ಯಾಸನ್ನು ಗುರುತಿಸುವ ಶಕ್ತಿ ಕಳೆದುಕೊಳ್ಳುತ್ತವೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರಬಹುದು. ಕೊನೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳು.

ಅಟೆಂಡರಿಗೆ ಗುಂಡಿ ಒತ್ತಬೇಡಿ ಎಂದು ಹೇಳುವಾಗ ಮರ್ಯಾದೆ ಇರಲಿ, ಅವರು ನಿನಗಿಂತ ಹಿರಿಯರು. ಸೋಮವಾರ ಅವರ ಜೊತೆಗೇ ಹೋಗಿ ಮುಖ್ಯ ವಾಲ್ವನ್ನು ನಿನ್ನ ಕೈಯಾರೆ ಒಮ್ಮೆ ತಿರುಗಿಸಿ ನೋಡು. ಬಿಗಿಯಾಗಿದ್ದರೆ ಅಂದೇ ರಿಪೇರಿ ಮಾಡಿಸು.

ನಿನ್ನ
ದೊಡ್ಡಪ್ಪ